ಟ್ಯಾಗ್ ಹಚ್ಚಿದ್ರೂ ರೂಟ್ ಸುತ್ತು ಹೊಡೀತೈತಿ: ಎನಾರ್ಸಿ ಎರಡನೇ ಸಲ ಬರೆಯೋರಿಗೆ

ಪ್ರಶ್ನೆ (ಬಾಗಲಕೋಟೆ, ನವನಗರ): ಸರ್, ಸಿಸ್ಕೋದ ನೆಟ್‌ವರ್ಕ್ ಸರ್ಟಿಫಿಕೇಟ್ ಸಿಸಿಎನ್‌ಪಿಯ ಎರಡು ಪರೀಕ್ಷೆಯೊಳಗ ಎನ್‌ಕೋರ್ 350-401 ಪಾಸಾಗೇತಿ, ಎನಾರ್ಸಿ 300-410 ಹೋತು. ರಿಪೋರ್ಟಿನಾಗ ಲೇಯರ್ 3 (ರೂಟಿಂಗ್) ಭಾಗದಾಗನ ಕಡಿಮಿ ಬಂದೈತಿ. ಮನ್ಯಾಗ ಎರಡು ಬಾರ್ಡರ್ ರೌಟರ್ ಇಟ್ಟು ಓಎಸ್‌ಪಿಎಫ್–ಈಐಜಿಆರ್‌ಪಿ (ರೌಟರ್‌ಗೆ ದಾರಿ ಕಲಸೋ ಎರಡು ಪ್ರೋಟೋಕಾಲ್) ರೀಡಿಸ್ಟ್ರಿಬ್ಯೂಷನ್, ಅಂದ್ರ ಒಂದರ ರೂಟ್ ಇನ್ನೊಂದಕ್ಕ ಹಾಕೋದು, ಮಾಡೇನಿ. ರೂಟಿಗೆ ಟ್ಯಾಗ್ (ಗುರುತಿನ ಅಂಕಿ) ಹಚ್ಚೇನಿ, ಆದ್ರೂ ಟ್ರೇಸ್‌ರೂಟ್ ಹಾಕಿದ್ರ ದೂರದ ದಾರಿ ಹಿಡೀತೈತಿ. ಮತ್ತ ಯಾವಾಗ ಬರೀಬಹುದು? ಲ್ಯಾಪ್‌ಟಾಪ್ 16 ಜಿಬಿ.

ಉತ್ತರ: ಫೇಲ್ ಆದ ಮರುದಿನದಿಂದ 5 ದಿನ ಕಾಯಬೇಕು. ಆದ್ರ ಆರನೇ ದಿನಕ್ಕ ಬುಕ್ ಮಾಡಬ್ಯಾಡ್ರಿ, ಫೀ ಪೂರ್ತಿ ಮತ್ತ ಕಟ್ಟಬೇಕಾಕ್ಕೈತಿ. ಲೇಯರ್ 3ಕ್ಕ 35% ತೂಕ ಐತಿ, ಸರ್ವಿಸಸ್‌ಗೆ 25, ವಿಪಿಎನ್ ಮತ್ತು ಸೆಕ್ಯೂರಿಟಿಗೆ 20-20. ನಿಮ್ಮ ಸೋಲು ಎಲ್ಲಿ ಆಗೇತೋ ಅದ ದೊಡ್ಡ ಭಾಗ.

ಇನ್ನ ಟ್ಯಾಗ್. ರೂಟ್ ಬಂದ ದಾರೀಲೆ ವಾಪಸ್ ಹೋಗದಂಗ ತಡಿಯೋದಷ್ಟ ಅದರ ಕೆಲಸ. ಸುತ್ತು ದಾರಿ ಹಿಡಿಸೋದು ಅಡ್ಮಿನಿಸ್ಟ್ರೇಟಿವ್ ಡಿಸ್ಟೆನ್ಸ್, ಅಂದ್ರ ಯಾವ ಪ್ರೋಟೋಕಾಲನ್ನ ಎಷ್ಟು ನಂಬಬೇಕು ಅನ್ನೋ ಅಂಕಿ; ಕಡಿಮಿ ಇದ್ರ ನಂಬಿಕಿ ಹೆಚ್ಚು. ಈಐಜಿಆರ್‌ಪಿ ಇಂಟರ್ನಲ್ 90, ಎಕ್ಸ್‌ಟರ್ನಲ್ (ಬ್ಯಾರೆ ಪ್ರೋಟೋಕಾಲಿನಿಂದ ಬಂದದ್ದು) 170, ಓಎಸ್‌ಪಿಎಫ್ 110. ರಿಪ್ ಅನ್ನೋ ಇನ್ನೊಂದು ಪ್ರೋಟೋಕಾಲ್‌ನಿಂದ ಒಂದು ರೂಟ್ ಈಐಜಿಆರ್‌ಪಿಗೆ ಬಂತು ಅಂದ್ಕೊಳ್ರಿ, ಅದು 170. ನಿಮ್ಮ ಎರಡು ಬಾರ್ಡರ್ ರೌಟರಿಗೆ ಆರ್1, ಆರ್2 ಅನ್ನೋಣ. ಆರ್1 ಅದನ್ನ ಓಎಸ್‌ಪಿಎಫ್‌ಗೆ ಹಾಕ್ತು. ಈಗ ಆರ್2ಗೆ ಅದ ರೂಟ್ ಎರಡು ಕಡೆಯಿಂದ ಸಿಗತೈತಿ: ಈಐಜಿಆರ್‌ಪಿಯಿಂದ 170, ಓಎಸ್‌ಪಿಎಫ್‌ನಿಂದ 110. ಆರ್2 ಕಡಿಮಿ ಇದ್ದದ್ದನ್ನ ನಂಬಿ ಆರ್1 ಕಡೆ ಕಳಸ್ತೈತಿ. ಅಲ್ಲಿ ಟ್ಯಾಗ್ ಸುಮ್ನ ಕುಂತಿರತೈತಿ.

ಬಹಳ ಮಂದಿ ಇದಕ್ಕ ‘ಡಿಸ್ಟೆನ್ಸ್ ಓಎಸ್‌ಪಿಎಫ್ ಎಕ್ಸ್‌ಟರ್ನಲ್ 180’ ಅಂತ ಕೊಡ್ತಾರ. ರೋಗ ಆ ಕಡೆಯಿಂದ ಈ ಕಡೆ ಬರತೈತಿ ಅಷ್ಟ: ಓಎಸ್‌ಪಿಎಫ್‌ನ ಖರೇನ ಎಕ್ಸ್‌ಟರ್ನಲ್ ರೂಟುಗಳು ಈಐಜಿಆರ್‌ಪಿ ಕಡೆಯಿಂದ 170 ಆಗಿ ತಿರುಗಿ ಬಂದು 180ನ್ನ ಸೋಲಸ್ತಾವ. ಹಂಗಾಗಿ ಟ್ಯಾಗ್ ಮ್ಯಾಲೆನ ಫಿಲ್ಟರ್ ಮಾಡ್ರಿ. ಎರಡೂ ಬಾರ್ಡರ್‌ನಾಗ ಈಐಜಿಆರ್‌ಪಿ→ಓಎಸ್‌ಪಿಎಫ್ ಹಾಕುವಾಗ ‘ಸೆಟ್ ಟ್ಯಾಗ್ 170’ (ಇದು ಬರೇ ಗುರುತಿನ ಅಂಕಿ, ಡಿಸ್ಟೆನ್ಸ್ ಅಲ್ಲ). ಓಎಸ್‌ಪಿಎಫ್→ಈಐಜಿಆರ್‌ಪಿ ರೂಟ್‌ಮ್ಯಾಪ್‌ನಾಗ (ಯಾವ ರೂಟ್ ಬಿಡಬೇಕು, ಯಾವುದು ತಡೀಬೇಕು ಅನ್ನೋ ಪಟ್ಟಿಯೊಳಗ) ‘ಡಿನೈ 10’ಕ್ಕ ‘ಮ್ಯಾಚ್ ಟ್ಯಾಗ್ 170’, ಕೆಳಗ ಖಾಲಿ ‘ಪರ್ಮಿಟ್ 20’. ಆ ಖಾಲಿ ಸಾಲು ಮರೆತ್ರ ಎಲ್ಲಾ ರೂಟೂ ಬಂದ್. ಅದ ರೂಟ್‌ಮ್ಯಾಪನ್ನ ಓಎಸ್‌ಪಿಎಫ್ ಒಳಗ ‘ಡಿಸ್ಟ್ರಿಬ್ಯೂಟ್-ಲಿಸ್ಟ್ … ಇನ್’ ಅಂತನೂ ಹಚ್ರಿ. ಎಲ್‌ಎಸ್‌ಎ (ಓಎಸ್‌ಪಿಎಫ್ ರೌಟರ್‌ಗಳು ಹಂಚಿಕೊಳ್ಳೋ ಮಾಹಿತಿ) ಡೇಟಾಬೇಸ್‌ನಾಗ ಹಂಗ ಇರತೈತಿ, ರೂಟಿಂಗ್ ಟೇಬಲ್‌ಗೆ ಅಷ್ಟ ಹತ್ತಂಗಿಲ್ಲ. ಒಂದು ಬೆಲಿ ಐತಿ: ಆರ್2ನ ಈಐಜಿಆರ್‌ಪಿ ಲಿಂಕ್ ಬಿದ್ರ ಆರ್1 ಮೂಲಕ ಬದಲಿ ದಾರಿ ಸಿಗಂಗಿಲ್ಲ.

ಈಐಜಿಆರ್‌ಪಿಗೆ ಓಎಸ್‌ಪಿಎಫ್ ಹಾಕುವಾಗ ಮೆಟ್ರಿಕ್ (ದಾರಿಯ ಬೆಲಿ ಅಳಿಯೋ ಅಂಕಿಗಳು) ಕೊಡದಿದ್ರ ಒಂದೂ ರೂಟ್ ಹೋಗಂಗಿಲ್ಲ. ‘100000 100 255 1 1500’ ಅಂದ್ರ ಬ್ಯಾಂಡ್‌ವಿಡ್ತ್, ಡಿಲೇ, ರಿಲಯಬಿಲಿಟಿ, ಲೋಡ್, ಎಂಟಿಯು.

ಲ್ಯಾಪ್‌ಟಾಪಿಗೆ ಚಿಂತಿ ಬ್ಯಾಡ. 16 ಜಿಬಿ ಸಾಕು. ಸಿಎಂಎಲ್ (ಸಿಸ್ಕೋದ ಲ್ಯಾಬ್ ಸಾಫ್ಟ್‌ವೇರ್) ಫ್ರೀ ಆವೃತ್ತಿಯ 5 ನೋಡ್ ಈ ಲ್ಯಾಬಿಗೆ ಲೆಕ್ಕ ಹಾಕಿದಂಗ ಕೂಡತಾವ: ಎರಡು ಬಾರ್ಡರ್, ಆ ಕಡೆ ಒಂದು, ಈ ಕಡೆ ಒಂದು, ರಿಪ್ ಒಂದು. ಸಿಎಂಎಲ್ ನಡಸೋ ವಿಎಂವೇರ್ ‘ವಿಟಿ-ಎಕ್ಸ್ (ಪ್ರೊಸೆಸರಿನ ವರ್ಚುವಲೈಸೇಷನ್ ಸೌಲಭ್ಯ) ಸಪೋರ್ಟ್ ಇಲ್ಲ’ ಅಂದ್ರ ಬಯೋಸ್ ನೋಡ್ರಿ. ಅಲ್ಲಿ ಆನ್ ಇದ್ರ ವಿಂಡೋಸ್‌ನ ಹೈಪರ್-ವಿ ಮತ್ತು ಮೆಮರಿ ಇಂಟೆಗ್ರಿಟಿ ತಡದಿರತಾವ.

ಮತ್ತ, ಪರೀಕ್ಷೆನಾಗ ಏನ ಬಂದಿತ್ತು ಅಂತ ಇಲ್ಲಿ ಯಾರೂ ಬರೀಬ್ಯಾಡ್ರಿ. ಎನ್‌ಡಿಎಗೆ (ಪ್ರಶ್ನೆ ಹೊರಗ ಹೇಳಂಗಿಲ್ಲ ಅನ್ನೋ ಕರಾರಿಗೆ) ಒಪ್ಪಿಗಿ ಕೊಟ್ಟ ಬರದೀರಿ.

ಪ್ರಶ್ನೆ (ವಿಜಯಪುರ): ಡಿಎಂವಿಪಿಎನ್ (ಒಂದು ಹಬ್ ರೌಟರಿಗೆ ಹಲವು ಸ್ಪೋಕ್, ಅಂದ್ರ ಶಾಖೆ ರೌಟರ್, ಜೋಡಿಸೋ ವಿಪಿಎನ್) ಟನಲ್ ಎದ್ದು ಬಿದ್ದು ಮಾಡ್ತೈತ್ರಿ. ನಿಂತಾಗ ಪಿಂಗ್ ಹೋಗತೈತಿ, ದೊಡ್ಡ ಫೈಲ್ ಹೋಗವಲ್ದು.

ಉತ್ತರ: ಎರಡು ಬ್ಯಾರೆ ಬ್ಯಾರೆ ತಪ್ಪು. ಟನಲ್ ಡೆಸ್ಟಿನೇಷನ್‌ನ ದಾರಿಯನ್ನ ಟನಲ್ ಮೂಲಕನ ಕಲಿತೈತಿ, ಅದಕ್ಕ ಬೀಳತೈತಿ. ಲಾಗ್‌ನಾಗ ‘ರಿಕರ್‌ಡೌನ್’ ಕಂಡ್ರ ಇದ ಕಾರಣ. ಹೊರಗಿನ ಇಂಟರ್‌ಫೇಸ್ ನೆಟ್‌ವರ್ಕನ್ನ ಟನಲ್ ಮ್ಯಾಲಿನ ರೂಟಿಂಗ್‌ನಿಂದ ತಗೀರಿ. ದೊಡ್ಡ ಫೈಲ್ ಹೋಗಾಕ ಪ್ಯಾಕೆಟ್ ಸಣ್ಣದು ಮಾಡ್ರಿ: ಟನಲ್ ಮ್ಯಾಲೆ ‘ಐಪಿ ಎಂಟಿಯು 1400’, ‘ಟಿಸಿಪಿ ಅಡ್ಜಸ್ಟ್-ಎಂಎಸ್‌ಎಸ್ 1360’. 1400ರಾಗ ಐಪಿ ಹೆಡರ್ 20, ಟಿಸಿಪಿ 20 ಕಳದ್ರ 1360. ಡಿಎಂವಿಪಿಎನ್ ಫೇಸ್ 3 (ಸ್ಪೋಕ್‌ಗಳು ನೇರ ಮಾತಾಡೋ ವಿಧಾನ) ಇದ್ರ ‘ರೀಡೈರೆಕ್ಟ್’ ಹಬ್‌ಗೆ, ‘ಶಾರ್ಟ್‌ಕಟ್’ ಸ್ಪೋಕ್‌ಗೆ. ಅದಲು ಬದಲಾದ್ರ ಸ್ಪೋಕ್‌ನಿಂದ ಸ್ಪೋಕ್‌ಗೆ ಹೋಗೋದೆಲ್ಲಾ ಹಬ್ ಸುತ್ತಿಕೊಂಡ ಹೋಗತೈತಿ.

ಪ್ರಶ್ನೆ (ಬೆಳಗಾವಿ): ಮನಿಯಿಂದನ ಬರೀಲೇನ್ರಿ ಸರ್? ಕರೆಂಟಿನ ಭರವಸೆ ಇಲ್ಲ.

ಉತ್ತರ: ಸೆಂಟರಿಗೆ ಹೋಗೋದು ಸಾಧ್ಯ ಇದ್ರ ಹೋಗ್ರಿ. ಮನ್ಯಾಗ ಬರದ್ರ ಟೇಬಲ್ ಖಾಲಿ, ಸ್ಕ್ರೀನ್ ಒಂದ, ಖೋಲಿಯೊಳಗ ಯಾರೂ ಬರಂಗಿಲ್ಲ. ಚಹಾ ಕೊಡಾಕ ಅಂತ ಬಾಗಲ ತಗದ್ರೂ ಪರೀಕ್ಷೆ ಅಲ್ಲಿಗೆ ಮುಗೀಬಹುದು. ಕರೆಂಟ್ ಹೋದ್ರ ಲ್ಯಾಪ್‌ಟಾಪ್ ನಡೀತೈತಿ, ಫೈಬರ್ ಡಬ್ಬಿ ಆರತೈತಿ. ಅದರ ಅಡಾಪ್ಟರ್ ಮ್ಯಾಲಿನ ವೋಲ್ಟ್, ಆಂಪಿಯರ್ ನೋಡಿ ಅದಕ್ಕ ಹೊಂದೋ ಮಿನಿ ಯುಪಿಎಸ್ ಹಚ್ರಿ. ವೈಫೈ ರೌಟರ್ ಬ್ಯಾರೆ ಇದ್ರ ಅದಕ್ಕೂ ಒಂದು.

ಸಮಯ 90 ನಿಮಿಷ, ಬಿಟ್ಟ ಪ್ರಶ್ನೆಗೆ ತಿರುಗಿ ಹೋಗಾಕ ಬರಂಗಿಲ್ಲ. ಲ್ಯಾಬ್ ಮುಗಿಸಿ ಮುಂದ ಹೋಗೂ ಮೊದಲ ಕಾನ್ಫಿಗ್ ಸೇವ್ ಆತೇನು ನೋಡ್ರಿ.

ಹೆಸರಿನ ವಿಷಯ ಇವತ್ತ ನೋಡ್ಕೊಳ್ರಿ. ನಮ್ಮ ಕಡೆ ಮಾರ್ಕ್ಸ್‌ಕಾರ್ಡಿನಾಗ ಅಡ್ಡಹೆಸರು ಮುಂದ, ಬ್ಯಾರೆ ಕಾರ್ಡಿನಾಗ ಹಿಂದ, ಇನ್ನೊಂದರಾಗ ಬರೇ ಇನಿಷಿಯಲ್. ಪರೀಕ್ಷೆ ನಡಸೋ ಪಿಯರ್ಸನ್ ವ್ಯೂ ಖಾತೆಯೊಳಗಿನ ಹೆಸರು ನೀವು ತೋರಸೋ ಗುರುತಿನ ಚೀಟಿಯೊಳಗ ಇದ್ದಂಗ ಇರಬೇಕು. ಬ್ಯಾರೆ ಇದ್ರ ಬುಕ್ ಮಾಡೂ ಮೊದಲ ತಿದ್ದಸ್ರಿ.