ಕೂಲಿಯವರ ಮಕ್ಕಳನ್ನು ಹಕ್ಕಿ ಉಳಿಸುವ ಕೆಲಸಕ್ಕೆ ಸೇರಿಸೋದು ಹೇಗೆ?

ಪ್ರಶ್ನೆ: ಮಂಡ್ಯದಲ್ಲಿ ಕಬ್ಬು ಕಡಿಯುವವರ ಮಕ್ಕಳಿಗೆ ಸಂಜೆ ಪಾಠ ಹೇಳುತ್ತೇನೆ. ಮೊನ್ನೆ ಒಬ್ಬ ಹುಡುಗ ನಾಲೆ ದಂಡೆಯಲ್ಲಿ ಮಿಂಚುಳ್ಳಿಯ ಬಿಲ ತೋರಿಸಿದ. ಬಿಲದ ಬಾಯಲ್ಲಿ ಸಣ್ಣ ಮೀನಿನ ಮುಳ್ಳುಗಳು. ನನಗೇ ಗೊತ್ತಿರಲಿಲ್ಲ! ಇಂಥವರನ್ನು ಎಲ್ಲಿ ಸೇರಿಸಲಿ? ಅವರ ಹತ್ತಿರ ಬೈನಾಕ್ಯುಲರ್ ಇಲ್ಲ.

ಉತ್ತರ 1: ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಕರೆದುಕೊಂಡು ಹೋಗಿ ಸರ್. ಹೆಜ್ಜಾರ್ಲೆ (ಪೆಲಿಕನ್), ಬಣ್ಣದ ಕೊಕ್ಕರೆ ಮನೆ ಪಕ್ಕದ ಹುಣಸೆ ಮರದಲ್ಲೇ ಗೂಡು ಕಟ್ಟುತ್ತವೆ. ಬೈನಾಕ್ಯುಲರೇ ಬೇಡ. ಗೂಡಿನಿಂದ ಬಿದ್ದ ಮರಿಗಳಿಗೆ ಊರಿನ ಹುಡುಗರೇ ಮೀನು ಹಾಕಿ ಸಾಕಿದ್ದಾರೆ. ಅವರ ಜೊತೆ ಮಾತಾಡಿಸಿ.

ಉತ್ತರ 2: ಮಕ್ಕಳು ಭಾನುವಾರ ನಿಮ್ಮ ಜೊತೆ ಬಂದರೆ ಆ ದಿನದ ಕೂಲಿ ಹೋಗುತ್ತೆ ಅಲ್ವಾ? ನಾನೂ ಹಾಗೇ ಬೆಳೆದವಳು. ಸುಮ್ನೆ ಕರೆಯಬೇಡಿ, ಬಸ್ ಚಾರ್ಜು, ಊಟ ನೋಡಿಕೊಳ್ಳಿ. ಮನೆಯವರನ್ನೂ ಕೇಳಿ.

ಪ್ರಶ್ನೆ ಕೇಳಿದವರು: ಹೌದು ಮೇಡಂ, ಕೂಲಿಯ ವಿಷಯ ಹೊಳೆದೇ ಇರಲಿಲ್ಲ. ನಾಳೆಯೇ ಅವನ ತಾಯಿಯ ಹತ್ತಿರ ಮಾತಾಡುತ್ತೇನೆ. ಫೆಬ್ರವರಿಯಲ್ಲಿ ಹೊರಡುತ್ತೇವೆ.