ಪದಚರ್ಚೆ: ‘ಲೈವ್ ಡೆಮೊ’ ಅನ್ನೋದಕ್ಕೆ ಬೋರ್ಡಿನ ಮೇಲೆ ಏನು ಬರೆಯೋಣ?

ಎಲ್ಲರಿಗೂ ನಮಸ್ಕಾರ.

ಒಂದು ಪದದ ವಿಚಾರದಲ್ಲಿ ನಿಮ್ಮ ಸಹಾಯ ಬೇಕು. ತುಮಕೂರಿನ ನಾವು ಏಳೆಂಟು ಜನ ಸೇರಿ, ಬೆಂಗಳೂರಿನಲ್ಲಿ ನಡೆಯುವ ಒಂದು ಮುಕ್ತ ತಂತ್ರಾಂಶ (ಯಾರು ಬೇಕಾದರೂ ಬಳಸಿ, ಒಳಗೆ ತೆರೆದು ನೋಡಿ, ತಿದ್ದಬಹುದಾದ ಸಾಫ್ಟ್‌ವೇರ್) ಸಮ್ಮೇಳನದಲ್ಲಿ ಕನ್ನಡದ ಮಳಿಗೆ ಹಾಕುತ್ತಿದ್ದೇವೆ. ಅರ್ಧ ಜನ ಕಾಲೇಜು ಮಕ್ಕಳು. ಉಳಿದವರು ನನ್ನ ಹಾಗೆ ಕೆಲಸ ಮುಗಿಸಿ ಸಂಜೆ ಬಂದು ಸೇರುವವರು. ಮಳಿಗೆಯಲ್ಲಿ ಮೂರು ಡೆಮೊ ಇರುತ್ತವೆ, ಒಂದೊಂದೂ ಐದು ನಿಮಿಷ. ಗಂಟೆಗೊಂದು ಸಲ ಮೂರೂ ತಿರುಗಿ ಬರುತ್ತವೆ. ಮೇಜಿನ ಮುಂದೆ ಒಂದು ಬೋರ್ಡ್ ಇಡಬೇಕು. ಅದರ ಮೇಲೆ ದೊಡ್ಡ ಅಕ್ಷರದಲ್ಲಿ ‘ಲೈವ್ ಡೆಮೊ’ ಅನ್ನೋದಕ್ಕೆ ಕನ್ನಡದಲ್ಲಿ ಏನು ಬರೆಯಬೇಕು ಅನ್ನೋದೇ ಪ್ರಶ್ನೆ.

‘ಡೆಮೊ’ ಅಂತಲೇ ಬರೆದರೆ ಆಯ್ತಲ್ವಾ ಅಂತ ಮೊದಲು ನನಗೂ ಅನ್ನಿಸಿತ್ತು. ಎಲ್ಲರಿಗೂ ಗೊತ್ತಿರುವ ಮಾತು, ಬಾಯಿಗೆ ಸಲೀಸು. ಕಳೆದ ಭಾನುವಾರದ ತಾಲೀಮಿನಲ್ಲಿ ಮನಸ್ಸು ಬದಲಾಯಿತು. ಬಿ.ಎಚ್. ರಸ್ತೆಗೆ ಹತ್ತಿರದಲ್ಲಿ ನಮಗೊಂದು ಕೋಣೆ ಇದೆ. ಅಲ್ಲಿ ಎರಡು ಮೇಜು ಜೋಡಿಸಿ, ಮಳಿಗೆ ಹೇಗಿರುತ್ತೋ ಹಾಗೇ ಲ್ಯಾಪ್‌ಟಾಪ್ ಇಟ್ಟು, ಅಕ್ಕಪಕ್ಕದವರನ್ನು ‘ಡೆಮೊ ಇದೆ, ಬನ್ನಿ’ ಅಂತ ಕರೆದೆವು. ಜೆರಾಕ್ಸ್ ಅಂಗಡಿಯವರು ಬಂದರು. ಐದು ನಿಮಿಷ ಕೈಕಟ್ಟಿ ಸುಮ್ನೆ ನೋಡಿದರು. ಮುಗಿದ ಮೇಲೆ ಕೇಳಿದ್ದು ಒಂದೇ ಮಾತು: ‘ಎಷ್ಟು ರೇಟು ಇದಕ್ಕೆ?’ ಇದು ಮಾರೋಕಲ್ಲ, ಯಾರು ಬೇಕಾದರೂ ಹಾಕಿಕೊಳ್ಳಬಹುದು ಅಂದರೆ ಅವರಿಗೆ ನಂಬಿಕೆಯೇ ಬರಲಿಲ್ಲ. ‘ಹಾಗಾದ್ರೆ ಡೆಮೊ ಯಾಕೆ ಕೊಡ್ತಿದ್ದೀರಿ?’ ಅಂದರು.

ಅವರು ಕೇಳಿದ್ದು ಸರಿಯಾಗಿಯೇ ಇದೆ. ನಮ್ಮೂರಲ್ಲಿ ಡೆಮೊ ಕೊಡುವವರು ಯಾರು? ನೀರಿನ ಫಿಲ್ಟರ್ ಮಾರುವವರು ಮನೆಗೆ ಬಂದು ಡೆಮೊ ಕೊಡುತ್ತಾರೆ. ಡೆಮೊ ಆದ ಮೇಲೆ ರೇಟು, ರೇಟು ಆದ ಮೇಲೆ ಕಂತು. ಟ್ಯೂಷನ್‌ನವರು ‘ಡೆಮೊ ಕ್ಲಾಸ್’ ಅಂದರೆ ಮುಂದಿನ ವಾರದಿಂದ ಫೀಸು ಅಂತ ಅರ್ಥ. ಮೊಬೈಲ್ ಅಂಗಡಿಯಲ್ಲಿ ‘ಅದು ಡೆಮೊ ಪೀಸ್’ ಅಂದರೆ ಆನ್ ಆಗದ, ಬರೀ ಜೋಡಿಸಿಡಲು ಇರುವ ಫೋನು. ಪದ ಇಂಗ್ಲಿಷಿನದೇ ಇರಬಹುದು, ಇಲ್ಲಿಗೆ ಬಂದು ತನ್ನದೇ ಅರ್ಥ ಕಟ್ಟಿಕೊಂಡಿದೆ. ಮಾರಾಟಕ್ಕೆ ಮುಂಚಿನದ್ದು, ಇಲ್ಲವೇ ಅಸಲಿ ಅಲ್ಲದ್ದು. ನಮ್ಮ ಮೇಜಿನ ಮೇಲಿರುವುದು ಎರಡೂ ಅಲ್ಲ.

ಸರಿ, ಕನ್ನಡದಲ್ಲಿ ಏನಿದೆ ಅಂತ ಹುಡುಕಲು ಕೂತೆವು. ಗುಂಪಿನ ಒಬ್ಬ ಹುಡುಗಿ ‘ತೋರಿಕೆ’ ಅಂದಳು. ‘ತೋರು’ ಒಳ್ಳೆಯ ಕನ್ನಡ ಧಾತು, ಚಿಕ್ಕ ಪದ, ಬೋರ್ಡಿಗೆ ಚೆನ್ನಾಗಿ ಕೂರುತ್ತದೆ. ಆದರೆ ‘ತೋರಿಕೆಗೆ ನಕ್ಕರು’, ‘ತೋರಿಕೆಯ ಭಕ್ತಿ’ ಅನ್ನುವಾಗ ಏನು ಹೇಳುತ್ತೇವೆ? ಹೊರಗೆ ಒಂದು, ಒಳಗೆ ಇನ್ನೊಂದು. ಒಳಗಿರುವುದನ್ನೆಲ್ಲ ಬಿಚ್ಚಿಡುವುದೇ ಮುಕ್ತ ತಂತ್ರಾಂಶದ ಮೂಲ ಗುಣ. ಅದರ ಬೋರ್ಡಿಗೆ ಈ ಪದ ಹಾಕಲು ಮನಸ್ಸು ಬರಲಿಲ್ಲ.

ಮುಂದಿನದು ‘ಪ್ರದರ್ಶನ’. ಇದು ಎಲ್ಲರಿಗೂ ತಿಳಿಯುತ್ತದೆ. ಶಿವರಾತ್ರಿ ಹೊತ್ತಿಗೆ ಸಿದ್ಧಗಂಗೆ ಜಾತ್ರೆಯಲ್ಲಿ ಕೃಷಿ ಮತ್ತು ಕೈಗಾರಿಕಾ ವಸ್ತುಪ್ರದರ್ಶನ ನೋಡಿಕೊಂಡೇ ಬೆಳೆದವರು ನಾವು. ಫಲಪುಷ್ಪ ಪ್ರದರ್ಶನ ಇದೆ, ಸಿನಿಮಾ ಪ್ರದರ್ಶನ ಇದೆ. ಆದರೆ ಇವೆಲ್ಲದರಲ್ಲೂ ವಸ್ತು ಒಂದು ಕಡೆ, ನೋಡುವವರು ಇನ್ನೊಂದು ಕಡೆ, ನಡುವೆ ಒಂದು ಹಗ್ಗ. ಕಂಪ್ಯೂಟರ್ ಲೋಕದ ಹೆಸರಾಂತ ಡೆಮೊ ಕೂಡ ಈ ಅರ್ಥದಲ್ಲಿ ಪ್ರದರ್ಶನವೇ. 1968ರ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಕಂಪ್ಯೂಟರ್ ಸಂಶೋಧಕ ಡಗ್ಲಸ್ ಎಂಗಲ್‌ಬಾರ್ಟ್ ತೊಂಬತ್ತು ನಿಮಿಷ ಒಂದು ಡೆಮೊ ಕೊಟ್ಟರು. ಮೌಸ್, ಒಂದು ಬರಹದಿಂದ ಇನ್ನೊಂದಕ್ಕೆ ಕೊಂಡಿ ಹಾಕುವ ಹೈಪರ್‌ಟೆಕ್ಸ್ಟ್, ದೂರದಲ್ಲಿರುವವರ ಮುಖ ನೋಡಿಕೊಂಡೇ ಒಂದೇ ಬರಹದ ಮೇಲೆ ಇಬ್ಬರು ಕೆಲಸ ಮಾಡುವುದು, ಎಲ್ಲ ಅಲ್ಲಿತ್ತು. ಆಮೇಲೆ ಅದಕ್ಕೆ ‘ಡೆಮೊಗಳ ಮಹಾತಾಯಿ’ ಅನ್ನುವ ಹೆಸರೇ ಬಂತು. ಅಷ್ಟಾದರೂ ಸಭೆಯಲ್ಲಿದ್ದವರು ಕೂತು ನೋಡಿದರು, ಮೌಸ್ ಅವರ ಕೈಗೆ ಬರಲಿಲ್ಲ. ಮಳಿಗೆಯಲ್ಲಿ ಹಾಗಲ್ಲ. ಅಲ್ಲಿ ಬಂದವರು ಮೇಜಿಗೆ ಒರಗಿ ನಿಲ್ಲುತ್ತಾರೆ. ಕೀಲಿಮಣೆ ಅವರ ಕಡೆಗೇ ತಿರುಗಿರುತ್ತದೆ.

ಇಲ್ಲಿಗೆ ಬಂದಾಗ ನನಗೆ ತುಮಕೂರಿನ ಹತ್ತಿರದ ಹಿರೇಹಳ್ಳಿ ನೆನಪಾಯಿತು. ಅಲ್ಲಿ ತೋಟಗಾರಿಕೆ ಪ್ರಯೋಗ ಕೇಂದ್ರ ಇದೆ, ಕೃಷಿ ವಿಜ್ಞಾನ ಕೇಂದ್ರವೂ ಇದೆ. ನಮ್ಮಪ್ಪ ಓದಿದ್ದು ಏಳನೇ ಕ್ಲಾಸು. ‘ಹಿರೇಹಳ್ಳೀಲಿ ಕಸಿ ಕಟ್ಟೋ ಪ್ರಾತ್ಯಕ್ಷಿಕೆ ಐತೆ, ಬಾ’ ಅಂತ ನನ್ನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಹೋಗಿದ್ದರು. ಹಲಸಿನ ಕಸಿ. ಹೇಳಿಕೊಡುವವರು ಬೀಜದಿಂದ ಬೆಳೆಸಿದ ಒಂದು ಸಸಿ ತೆಗೆದುಕೊಂಡರು. ಅದರ ತಲೆ ಸವರಿ, ಕಾಂಡದ ನಡುವೆ ಮೇಲಿಂದ ಕೆಳಗೆ ಸೀಳಿದರು. ಒಳ್ಳೆ ಮರದ ಕಡ್ಡಿಯ ಬುಡವನ್ನು ಎರಡೂ ಕಡೆಯಿಂದ ಬೆಣೆ ಹಾಗೆ ಹೆರೆದರು. ಬೆಣೆಯನ್ನು ಸೀಳಿಗೆ ಇಳಿಸಿ, ಪ್ಲಾಸ್ಟಿಕ್ ಪಟ್ಟಿ ಬಿಗಿಯಾಗಿ ಸುತ್ತಿದರು. ಎರಡು ನಿಮಿಷದ ಕೆಲಸ. ಆಮೇಲೆ ಚಾಕುವನ್ನು ಮುಂದಿನ ಸಾಲಿನಲ್ಲಿದ್ದವರ ಕೈಗೆ ಕೊಟ್ಟು ‘ಈಗ ನೀವು ಮಾಡಿ’ ಅಂದರು. ಅಪ್ಪನ ಮೊದಲ ಬೆಣೆ ಮುರಿಯಿತು. ಎರಡನೆಯದು ಕೂತಿತು. ಆ ಸಸಿಯನ್ನು ಮನೆಗೂ ತಂದೆವು.

ಬೋರ್ಡಿನ ಮೇಲೆ ನನಗೆ ಬೇಕಾಗಿರುವ ಪದ ಇದೇ ಅನ್ನಿಸಿತು. ‘ಪ್ರತ್ಯಕ್ಷ’ ಅಂದರೆ ಕಣ್ಣಿಗೆ ಎದುರಾದದ್ದು. ಅದರಿಂದ ‘ಪ್ರಾತ್ಯಕ್ಷಿಕೆ’. ಕೃಷಿ ವಿಸ್ತರಣೆಯವರು ಇದರಲ್ಲಿ ಎರಡು ಬಗೆ ಮಾಡುತ್ತಾರೆ. ಒಂದು, ಮಾಡುವ ವಿಧಾನವನ್ನು ತೋರಿಸುವುದು: ಬೀಜೋಪಚಾರ ಹೇಗೆ, ಕಸಿ ಹೇಗೆ. ಇನ್ನೊಂದು, ಫಲಿತಾಂಶ ತೋರಿಸುವುದು: ಅಕ್ಕಪಕ್ಕದ ಎರಡು ತಾಕಿನಲ್ಲಿ ಹಳೆ ಪದ್ಧತಿ, ಹೊಸ ಪದ್ಧತಿ, ಕೊನೆಗೆ ಇಳುವರಿ ತೂಗಿ ನೋಡುವುದು. ನಮ್ಮ ತಾಲೀಮಿನ ತಪ್ಪು ಏನು ಅಂತ ಇದರಿಂದಲೇ ನನಗೆ ಹೊಳೆಯಿತು. ನಾವು ಫಲಿತಾಂಶ ಮಾತ್ರ ತೋರಿಸುತ್ತಿದ್ದೆವು. ವಿಧಾನ ನಮ್ಮ ಕೈಯಲ್ಲೇ ಉಳಿಯುತ್ತಿತ್ತು. ಜೆರಾಕ್ಸ್ ಅಂಗಡಿಯವರು ರೇಟು ಕೇಳದೆ ಇನ್ನೇನು ಕೇಳಬೇಕಿತ್ತು?

ಮೊದಲ ಡೆಮೊವನ್ನು ಆವತ್ತೇ ಬದಲಿಸಿದೆವು. ಅದು ‘ಗುಬ್ಬಿ’ ಫಾಂಟಿನದು. ಡೆಬಿಯನ್ ಅನ್ನುವ ಮುಕ್ತ ಆಪರೇಟಿಂಗ್ ಸಿಸ್ಟಮ್‌ನಲ್ಲಿ ಸಿಗುವ ಮುಕ್ತ ಕನ್ನಡ ಫಾಂಟ್. ಹೆಸರು ಹಕ್ಕಿಯದೂ ಹೌದು, ನಮ್ಮ ಪಕ್ಕದ ತಾಲ್ಲೂಕಿನದೂ ಹೌದು. ಹಾಗಾಗಿ ಅದನ್ನೇ ಮೊದಲು ಇಟ್ಟುಕೊಂಡಿದ್ದೆವು. ಮೊದಲು ನಾವೇ ಟೈಪ್ ಮಾಡಿ ತೋರಿಸುತ್ತಿದ್ದೆವು. ಆಮೇಲೆ ಬಂದ ನಿವೃತ್ತ ಮೇಷ್ಟ್ರೊಬ್ಬರಿಗೆ ‘ನೀವೇ ಒತ್ತಿ ಸರ್’ ಅಂದೆವು. ಕನ್ನಡ ಟೈಪ್ ಮಾಡುವ ‘ನುಡಿ’ ಕೀಲಿಮಣೆಯಲ್ಲಿ ಆರು ಕೀಲಿ: ಜಿ, ಯು, ಬಿ, ಎಫ್, ಬಿ, ಐ. ಮೊದಲು ‘ಗ’ ಬಂತು. ಕೊಂಬು ಸೇರಿ ‘ಗು’ ಆಯಿತು. ‘ಬ’ ಬಂತು. ಎಫ್ ಒತ್ತಿದ ಕೂಡಲೇ ‘ಬ್’ ಆಯಿತು. ಇನ್ನೊಂದು ಬಿ ಒತ್ತಿದರೆ, ಹೊಸ ‘ಬ’ ಪಕ್ಕಕ್ಕೆ ಬರಲಿಲ್ಲ. ಕೆಳಗೆ ಇಳಿದು ಒತ್ತಾಗಿ ಕೂತಿತು. ಕೊನೆಗೆ ಐ. ಗುಡಿಸು ಕೆಳಗಿನ ಒತ್ತಿಗೆ ಹೋಗದೆ ಮೇಲಿನ ‘ಬ’ದ ತಲೆಗೇ ಹೋಯಿತು. ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು ‘ಅದಕ್ಕೆ ಹೇಗೆ ಗೊತ್ತಾಯ್ತು?’ ಅಂದರು.

ಆ ಪ್ರಶ್ನೆಗಾಗಿಯೇ ಮಳಿಗೆ ಹಾಕುವುದು. ಯುನಿಕೋಡಿನಲ್ಲಿ, ಅಂದರೆ ಕಂಪ್ಯೂಟರುಗಳು ಅಕ್ಷರಗಳಿಗೆ ಬಳಸುವ ಸಂಕೇತಪಟ್ಟಿಯಲ್ಲಿ, ಅಲ್ಲಿರುವುದು ಆರು ಸಂಕೇತ, ಕಣ್ಣಿಗೆ ಕಾಣುವುದು ಎರಡು ಅಕ್ಷರ. ಯಾವುದು ಕೆಳಗಿಳಿಯಬೇಕು, ಯಾವುದು ಮೇಲಿರಬೇಕು ಅನ್ನುವ ನಿಯಮ ಫಾಂಟಿನ ಒಳಗೆ ಬರೆದಿದೆ. ಆ ಫೈಲನ್ನೇ ತೆರೆದು ತೋರಿಸಿದೆವು. ಮುಚ್ಚಿಟ್ಟ ತಂತ್ರಾಂಶದವರು ಇಲ್ಲಿಯವರೆಗೆ ಬರಲಾರರು. ‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಅಂತ ಗಾದೆ ಇದೆಯಲ್ಲ. ಪ್ರಮಾಣಿಸಿ ನೋಡಲು ಬಿಡುವುದೇ ಮುಕ್ತ ತಂತ್ರಾಂಶ.

‘ಪ್ರಾತ್ಯಕ್ಷಿಕೆ’ಗೆ ಗುಂಪಿನಲ್ಲಿ ಬಂದ ತಕರಾರನ್ನೂ ಹೇಳಬೇಕು. ಉದ್ದ ಆಯಿತು, ಸಂಸ್ಕೃತದ್ದು, ನಾಲಿಗೆ ಹೊರಳಲ್ಲ ಅಂತ ಕಾಲೇಜು ಮಕ್ಕಳು ಹೇಳುತ್ತಾರೆ. ಪದ ಉದ್ದವೇ, ಒಪ್ಪುತ್ತೇನೆ. ಆದರೆ ಇದನ್ನು ದಿನಾ ಬಳಸುವವರು ಪಂಡಿತರಲ್ಲ, ರೈತರು. ನಾಲಿಗೆ ಹೊರಳಲ್ಲ ಅನ್ನುವವರು ಪೇಟೆಯಲ್ಲಿ ಓದಿದವರು. ಇನ್ನೊಬ್ಬರು ‘ಮಾಡಿ ತೋರಿಸೋದು’ ಅಂತಲೇ ಬರೆಯೋಣ ಅಂದರು. ನನಗೆ ಇದು ತುಂಬಾ ಇಷ್ಟ. ಕ್ರಿಯೆಯಾಗಿ ಇದಕ್ಕಿಂತ ಒಳ್ಳೆಯದು ಇಲ್ಲ: ‘11 ಗಂಟೆಗೆ ಮಾಡಿ ತೋರಿಸುತ್ತೇವೆ’. ಆದರೆ ವೇಳಾಪಟ್ಟಿಯಲ್ಲಿ ‘ಪ್ರಾತ್ಯಕ್ಷಿಕೆ 1, ಪ್ರಾತ್ಯಕ್ಷಿಕೆ 2’ ಅಂತ ಬರೆಯಲು ನಾಮಪದ ಬೇಕೇ ಬೇಕು.

ಈಗ ‘ಲೈವ್’. ಇದು ಇನ್ನೂ ಕಷ್ಟ. ಟೀವಿಯಿಂದ ‘ನೇರ’ ಬಂದಿದೆ: ನೇರ ಪ್ರಸಾರ, ನೇರ ಸಂವಾದ. ‘ನೇರ ಪ್ರಾತ್ಯಕ್ಷಿಕೆ’ ಅಂತ ಬರೆಯಬಹುದು. ಆದರೆ ಪ್ರತ್ಯಕ್ಷ ಅಂದ ಮೇಲೆ ನೇರ ಅನ್ನೋದು ಒಳಗೇ ಬಂತಲ್ಲ, ಮತ್ತೆ ಯಾಕೆ? ಮೊದಲೇ ಚಿತ್ರೀಕರಿಸಿದ ವಿಡಿಯೋ ಓಡಿಸಿ ಅದನ್ನೂ ಡೆಮೊ ಅನ್ನುವ ಕಾಲ ಇದು, ಹಾಗಾಗಿ ಬೇಕಾಗಬಹುದು. ಎರಡನೇ ಡೆಮೊದಲ್ಲಿ ಈ ವ್ಯತ್ಯಾಸ ಚೆನ್ನಾಗಿ ಕಾಣುತ್ತದೆ. ಅಚ್ಚಾದ ಕನ್ನಡ ಪುಟದ ಫೋಟೊ ತೆಗೆದು ‘ಟೆಸರ್ಯಾಕ್ಟ್’ ಮೂಲಕ ಅದನ್ನು ತಿದ್ದಬಹುದಾದ ಅಕ್ಷರವಾಗಿ ಮಾಡುವುದು. 1985ರಿಂದ 1994ರವರೆಗೆ ಎಚ್‌ಪಿ ಕಂಪನಿಯ ಒಳಗೆ ಬೆಳೆದು, 2005ರಲ್ಲಿ ಮುಕ್ತವಾದ ತಂತ್ರಾಂಶ ಇದು. ನಾವೇ ಆರಿಸಿದ ಪುಟ ಕೊಟ್ಟರೆ ಫಲಿತಾಂಶ ಚಂದ ಬರುತ್ತದೆ. ಬಂದವರ ಜೇಬಿನಲ್ಲಿರುವ ಮಡಿಸಿದ ಕರಪತ್ರ ಕೊಟ್ಟರೆ ಏನಾಗುತ್ತದೋ ಹೇಳಲಾಗದು. ಆ ಹೇಳಲಾಗದ್ದೇ ‘ಲೈವ್’. ‘ನೇರ’ ಅನ್ನುವ ಪದದಲ್ಲಿ ಅದು ಬರುತ್ತದಾ? ನನಗೆ ಅನುಮಾನ.

ಮೂರನೇ ಡೆಮೊದಲ್ಲಿ ಇನ್ನೊಂದು ‘ಲೈವ್’ ಇದೆ: ‘ಲೈವ್ ಯುಎಸ್‌ಬಿ’. ಕಂಪ್ಯೂಟರಿನ ಡಿಸ್ಕ್ ಮುಟ್ಟದೆ, ಪೆನ್‌ಡ್ರೈವ್‌ನಿಂದಲೇ ಇಡೀ ಡೆಬಿಯನ್ ಎದ್ದು ನಿಲ್ಲುತ್ತದೆ. ಪೆನ್‌ಡ್ರೈವ್ ತೆಗೆದು ಮತ್ತೆ ಆನ್ ಮಾಡಿದರೆ ಹಳೆಯದೇ ಬರುತ್ತದೆ. ಇಲ್ಲಿ ‘ನೇರ’ ಅಂದರೆ ಏನೂ ಅರ್ಥವಾಗುವುದಿಲ್ಲ. ಒಂದೇ ಮಳಿಗೆಯಲ್ಲಿ ಲೈವ್ ಅನ್ನುವ ಪದ ಎರಡು ಅರ್ಥದಲ್ಲಿ ಇದೆ. ಪೆನ್‌ಡ್ರೈವ್‌ಗೆ ಸದ್ಯ ‘ಹಾಕದೇ ಓಡಿಸುವ ಡೆಬಿಯನ್’ ಅಂತ ಬರೆದಿದ್ದೇವೆ. ಸಮಾಧಾನ ಇಲ್ಲ.

ಉಳಿದ ಪದಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ‘ಬೂತ್’ ಬೇಡ ಅಂತ ಎಲ್ಲರೂ ಒಪ್ಪಿದೆವು. ಬೂತ್ ಅಂದರೆ ನಮಗೆ ಹಾಲಿನ ಬೂತು, ಓಟಿನ ಬೂತು. ‘ಮಳಿಗೆ’ ಸರಿಯಾಗಿದೆ. 2002ರಲ್ಲಿ ತುಮಕೂರಿನಲ್ಲಿ ಸಾಹಿತ್ಯ ಸಮ್ಮೇಳನ ನಡೆದಾಗಿನ ಪುಸ್ತಕ ಮಳಿಗೆಗಳ ನೆನಪು ಇಲ್ಲಿನವರಿಗೆ ಇನ್ನೂ ಇದೆ. ಡೆಮೊಗೆ ಮುಂಚಿನ ಅಭ್ಯಾಸಕ್ಕೆ ‘ತಾಲೀಮು’ ಅಂತ ನಾವು ಹೇಳುತ್ತೇವೆ. ಗರಡಿಯಿಂದ ನಾಟಕದವರೆಗೆ ಓಡಾಡಿದ ಪದ ಅದು. 1884ರಲ್ಲಿ ಶುರುವಾದ ಗುಬ್ಬಿ ಕಂಪನಿಯ ನೆಲದಲ್ಲಿ ಬೇರೆ ಪದ ಹುಡುಕುವ ಅಗತ್ಯ ಇಲ್ಲ. ಡೆಮೊ ನಡುವೆ ನಿಂತು ಹೋದರೆ ‘ಕೈಕೊಟ್ಟಿತು’. 1998ರ ಏಪ್ರಿಲ್‌ನಲ್ಲಿ ಕಾಮ್‌ಡೆಕ್ಸ್ ಕಂಪ್ಯೂಟರ್ ಮೇಳದಲ್ಲಿ ಮೈಕ್ರೋಸಾಫ್ಟ್‌ನ ಬಿಲ್ ಗೇಟ್ಸ್ ವೇದಿಕೆ ಮೇಲಿದ್ದಾಗಲೇ, ಸ್ಕ್ಯಾನರ್ ಜೋಡಿಸಿದ ಕೂಡಲೇ ವಿಂಡೋಸ್ 98 ಕೆಟ್ಟು ನಿಂತು ನೀಲಿ ಪರದೆ ತೋರಿಸಿತ್ತು. ಅದಕ್ಕೂ ಇದೇ ಮಾತು ಸಾಕು. ಕೈಕೊಟ್ಟಾಗ ಏನು ಮಾಡಬೇಕು ಅಂತ ನಮ್ಮ ಹಾಳೆಯಲ್ಲಿ ಬರೆದಿದ್ದೇವೆ: ಮುಚ್ಚಿಡಬೇಡಿ, ಯಾಕೆ ನಿಂತಿತು ಅಂತ ಬಂದವರ ಜೊತೆ ಸೇರಿ ನೋಡಿ. ಇಂಟರ್‌ನೆಟ್ ನಂಬಿಕೊಂಡು ಯಾವ ಡೆಮೊವನ್ನೂ ಇಟ್ಟಿಲ್ಲ.

‘ಮುಕ್ತ’ದ ಬಗ್ಗೆ ಮಾತ್ರ ಒಂದು ಎಚ್ಚರಿಕೆ. ಬೋರ್ಡಿನ ಮೊದಲ ಕರಡಿನಲ್ಲಿ ಯಾರೋ ‘ತಂತ್ರಾಂಶ ಮುಕ್ತ ಸಮ್ಮೇಳನ’ ಅಂತ ಬರೆದಿದ್ದರು. ಪ್ಲಾಸ್ಟಿಕ್ ಮುಕ್ತ, ಗುಂಡಿ ಮುಕ್ತ ಅನ್ನುವ ಹಾಗೆ, ತಂತ್ರಾಂಶವೇ ಇಲ್ಲದ ಸಮ್ಮೇಳನ ಆಗಿಬಿಡುತ್ತದೆ. ‘ಮುಕ್ತ’ ಮೊದಲೇ ಬರಬೇಕು, ಮುಕ್ತ ವಿಶ್ವವಿದ್ಯಾನಿಲಯದ ಹಾಗೆ. ಇಂಗ್ಲಿಷಿನ ‘ಫ್ರೀ’ ಪದಕ್ಕೆ ಸ್ವಾತಂತ್ರ್ಯ, ಪುಕ್ಕಟೆ ಎರಡೂ ಅರ್ಥ ಇರುವುದರಿಂದ ಅವರಿಗೆ ತೊಂದರೆಯಾಯಿತು. 1998ರಲ್ಲಿ ‘ಓಪನ್ ಸೋರ್ಸ್’ ಅನ್ನುವ ಹೊಸ ಹೆಸರು ಹುಟ್ಟಲು ಅದೂ ಒಂದು ಕಾರಣ. ನಮಗೆ ಎರಡಕ್ಕೂ ಬೇರೆ ಬೇರೆ ಪದ ಮೊದಲಿಂದಲೂ ಇದೆ.

ಕೇಳಬೇಕಾದದ್ದು ಇಷ್ಟು. ‘ಪ್ರಾತ್ಯಕ್ಷಿಕೆ’ಗೆ ನಿಮ್ಮ ಕಡೆ ಇನ್ನೂ ಚಿಕ್ಕದಾದ, ಜನ ನಿಜವಾಗಿ ಬಳಸುವ ಪದ ಇದೆಯಾ? ಕೋಲಾರ, ಚಿಕ್ಕಬಳ್ಳಾಪುರದ ಕಡೆ ರೇಷ್ಮೆ ಸಾಕುವವರು, ಡ್ರಿಪ್ ಅಳವಡಿಸುವವರು ಹೀಗೆ ಮಾಡಿ ತೋರಿಸುವುದಕ್ಕೆ ಏನಂತಾರೆ? ‘ಲೈವ್’ಗೆ ‘ನೇರ’ ಬಿಟ್ಟು ಏನಾದರೂ ಹೊಳೆಯುತ್ತದಾ? ಲೈವ್ ಯುಎಸ್‌ಬಿಗೆ ಏನು ಹೇಳೋಣ? ಬೋರ್ಡ್ ಅಚ್ಚಿಗೆ ಹೋಗುವುದು ಶುಕ್ರವಾರ ಸಂಜೆ. ಸದ್ಯಕ್ಕೆ ಕರಡಿನಲ್ಲಿ ಹೀಗಿದೆ:

ಪ್ರಾತ್ಯಕ್ಷಿಕೆ: ನಾವು ಮಾಡಿ ತೋರಿಸುತ್ತೇವೆ, ಆಮೇಲೆ ನೀವೇ ಮಾಡಿ ನೋಡಿ.