ತುರ್ತಾಗಿ ಪದ ಬೇಕಿದೆ: ಜಾವಾದಲ್ಲಿ ಒಂದನ್ನೊಂದು ರೆಫರ್ ಮಾಡುವ ಆಬ್ಜೆಕ್ಟುಗಳು

ಎಲ್ಲರಿಗೂ ನಮಸ್ಕಾರ. ಜಯನಗರದಲ್ಲಿ ಕನ್ನಡ ಮಾಧ್ಯಮದ ಹುಡುಗರಿಗೆ ಜಾವಾ ಪ್ರೋಗ್ರಾಮಿಂಗ್ ಭಾಷೆ ಹೇಳಿಕೊಡುತ್ತಿದ್ದೇವೆ. ಪಾಠದ ಹಾಳೆ ನಾಳೆ ಬೆಳಿಗ್ಗೆ ಜೆರಾಕ್ಸ್‌ಗೆ ಹೋಗಬೇಕು. ‘ಮನೆ’ ಕ್ಲಾಸಿನಲ್ಲಿ (ಕ್ಲಾಸು ಅಂದರೆ ಆಬ್ಜೆಕ್ಟಿನ ಅಚ್ಚು) ‘ಬಾಡಿಗೆದಾರ’ ಅಂತೊಂದು ಫೀಲ್ಡು (ಮಾಹಿತಿಯ ಖಾನೆ), ‘ಬಾಡಿಗೆದಾರ’ ಕ್ಲಾಸಿನಲ್ಲಿ ‘ಮನೆ’. ಎರಡರ ಕನ್‌ಸ್ಟ್ರಕ್ಟರೂ (ಆಬ್ಜೆಕ್ಟು ಹುಟ್ಟುವಾಗ ಓಡುವ ಕೋಡು) ಇನ್ನೊಂದನ್ನು ‘ನ್ಯೂ’ ಮಾಡಹೊರಟರೆ, ಅಂದರೆ ಹೊಸದಾಗಿ ಹುಟ್ಟಿಸಹೊರಟರೆ, ಮುಗಿಯದ ಕರೆಗಳಿಂದ ಸ್ಟ್ಯಾಕ್ ತುಂಬಿ ಪ್ರೋಗ್ರಾಂ ಬೀಳುತ್ತದೆ. ಹಾಗಾಗಿ ಮೊದಲು ಬೇರೆಬೇರೆ ಹುಟ್ಟಿಸಿ, ಆಮೇಲೆ ಸೆಟ್ಟರ್‌ನಿಂದ (ಫೀಲ್ಡು ತುಂಬುವ ಮೆಥಡ್) ಗಂಟು ಹಾಕುವುದು. ಮನೆಗೆ ಬೇರೊಬ್ಬರು ಬಂದಾಗ ಎರಡೂ ಕಡೆ ಬದಲಿಸಬೇಕು. ಇಲ್ಲದಿದ್ದರೆ ಹಳೆಯವನ ಫೀಲ್ಡಿನಲ್ಲಿ ಅದೇ ಮನೆ ಉಳಿದುಬಿಡುತ್ತದೆ. ಹೀಗೆ ಎರಡು ಆಬ್ಜೆಕ್ಟುಗಳು ಒಂದರ ರೆಫರೆನ್ಸನ್ನು (ಗುರುತನ್ನು) ಇನ್ನೊಂದು ಇಟ್ಟುಕೊಂಡಿರುವ ಸಂಬಂಧಕ್ಕೆ ‘ಪರಸ್ಪರ ಉಲ್ಲೇಖ’ ಅಂದಿದ್ದೇನೆ. ನಡೆಯುತ್ತದೆಯೇ?

ಮರು:
ನಡೆಯುವುದಿಲ್ಲ. ‘ಲಿಖ್’ ಅಂದರೆ ಗೀರು, ಬರೆ. ಇಲ್ಲಿ ಯಾರು ಏನು ಬರೆಯುತ್ತಿದ್ದಾರೆ? ನ್ಯಾಯಶಾಸ್ತ್ರದಲ್ಲಿ, ಅಂದರೆ ಹಳೆಯ ತರ್ಕಶಾಸ್ತ್ರದಲ್ಲಿ, ಪದ ಸಿದ್ಧವಿದೆ: ಅನ್ಯೋನ್ಯಾಶ್ರಯ, ಒಂದಕ್ಕೊಂದು ಆಸರೆ. ಮೂರು ಸೇರಿದರೆ ಚಕ್ರಕ. ನಿಮ್ಮ ಕನ್‌ಸ್ಟ್ರಕ್ಟರ್ ಗೋಳು ಅನವಸ್ಥೆ, ಕೊನೆಯಿಲ್ಲದ ಸರಣಿ.

ಮರು:
ಅಲ್ಲಿ ಅನ್ಯೋನ್ಯಾಶ್ರಯ ದೋಷ ಸ್ವಾಮಿ. ಜಾವಾದಲ್ಲಿ ಇದು ದೋಷವೇ ಅಲ್ಲ. ಹೊರಗಿನಿಂದ ಯಾರೂ ಹಿಡಿದಿಲ್ಲವಾದರೆ, ಬಳಕೆಯಿಲ್ಲದ ಮೆಮೊರಿ ಬಿಡಿಸುವ ಗಾರ್ಬೇಜ್ ಕಲೆಕ್ಟರ್ ಜೋಡಿಯನ್ನೇ ಗುಡಿಸಿಹಾಕುತ್ತದೆ. ಅದು ನೋಡುವುದು ಬೇರಿನಿಂದ (ಪ್ರೋಗ್ರಾಂ ನೇರವಾಗಿ ಬಳಸುತ್ತಿರುವ ಕಡೆಯಿಂದ) ತಲುಪಬಹುದೇ ಅಂತ. ಎಷ್ಟು ಜನ ಹಿಡಿದಿದ್ದಾರೆ ಅಂತಲ್ಲ. ಹುಡುಗರಿಗೆ ‘ಅನ್ಯೋನ್ಯ’ ಅಂದರೆ ದಾಂಪತ್ಯವೇ ನೆನಪಾಗುವುದು. ಅಚ್ಚಗನ್ನಡದಲ್ಲಿ ಇಕ್ಕೆಲ, ಇಕ್ಕಟ್ಟು ಇದ್ದ ಹಾಗೆ ‘ಇಕ್ಕೊಂಡಿ’ ಅನ್ನಿ, ಎರಡು ಕಡೆಯ ಕೊಂಡಿ.

ಮರು:
ಇಕ್ಕೊಂಡಿ! ಮಂಡ್ಯದ ಹುಡುಗನೊಬ್ಬ ಕ್ಲಾಸಿನಲ್ಲಿದ್ದರೆ ‘ಎಲ್ಲಿ ಇಕ್ಕೊಂಡಿದ್ದೀರ ಸಾರ್’ ಅಂತಾನೆ. ನಾಳೆ ಇದೇ ದಾರಿಯಲ್ಲಿ ‘ವಸ್ತುಕೊಂಡಿ’ ಬರುತ್ತದೆ. ಸಂಸ್ಕೃತಕ್ಕೆ ಕನ್ನಡ ಬೆಸೆದ ಅರಿಸಮಾಸ.

ಮರು:
ಬಿರುದಾವಳಿಗೆ ಹಳಗನ್ನಡದ ವ್ಯಾಕರಣಕಾರ ಕೇಶಿರಾಜನೇ ಅರಿಸಮಾಸಕ್ಕೆ ಒಪ್ಪಿಗೆ ಕೊಟ್ಟಿದ್ದಾನೆ, ಪಾಠದ ಹಾಳೆಗೆ ನಿಮ್ಮದೇನು ಅಡ್ಡಿ? ಆಬ್ಜೆಕ್ಟು, ಕ್ಲಾಸು, ಫೀಲ್ಡು ಎಲ್ಲಕ್ಕೂ ಉಕಾರ ಹಚ್ಚಿ ಒಳಗೆ ಬಿಟ್ಟುಕೊಂಡಾಯಿತು. ‘ರೆಫರೆನ್ಸು’ ಮಾತ್ರ ಮೈಲಿಗೆಯೇ? ‘ಬಾಡಿಗೆದಾರ’ದ ‘ದಾರ’ ಫಾರಸಿಯದು. ಅದಕ್ಕೆ ಯಾರೂ ತಕರಾರು ತೆಗೆಯಲಿಲ್ಲ. ತಕರಾರೂ ಅರಬ್ಬಿ ಮೂಲದ್ದೇ.

ಮರು:
ಫಾರಸಿ ಬಂದಾಗ ನಾವು ಹುಟ್ಟಿರಲಿಲ್ಲ. ಇಂಗ್ಲಿಷ್ ನಮ್ಮ ಕಣ್ಣೆದುರೇ ಬರುತ್ತಿದೆ. ತಡೆಯುವುದಿದ್ದರೆ ಈಗಲೇ.

ಮರು:
ತಡೆಯಿರಿ. ಹೋಗಿ ಟ್ರಾಫಿಕ್ಕಿಗೆ ಹೆಸರಾದ ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ನಿಂತು ತಡೆಯಿರಿ.

ಮರು:
ಎಲ್ಲರಿಗೂ ಧನ್ಯವಾದ. ಹೊತ್ತಾಯಿತು, ‘ಒಂದನ್ನೊಂದು ಹಿಡಿದ ರೆಫರೆನ್ಸುಗಳು’ ಅಂತ ಹಾಕಿ ಅಂಗಡಿಗೆ ಕಳಿಸಿದೆ.

ಮರು:
ರೆಫರೆನ್ಸು ಏನನ್ನೂ ಹಿಡಿಯುವುದಿಲ್ಲ. ಆಬ್ಜೆಕ್ಟು ರೆಫರೆನ್ಸನ್ನು ಹಿಡಿದಿರುತ್ತದೆ. ಅಂಗಡಿಯವರಿಗೆ ಫೋನ್ ಮಾಡಿ.